ಹೊಗೆ ಕಪಾಟಿನಲ್ಲಿ ಹುರಿದ ಮೆಣಸಿನಕಾಯಿ

ಒಂದು ಕಾಲಕ್ಕೆ ಇಡೀ ಕಾಲೇಜಿನ ಸುರಕ್ಷತೆಯ ಹೊಣೆ ನನ್ನ ಮೇಲಿತ್ತು ಎಂದರೆ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗಲಿ. ಎಂಬತ್ತರ ದಶಕದಲ್ಲಿ ನಾನು ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪ್ರಯೋಗಾಲಯದ ಅಟೆಂಡರ್. ಎಸ್ಸೆಸ್ಸೆಲ್ಸಿ ಪಾಸು. ಮರಳಿನ ಕೆಂಪು ಬಕೆಟ್ಟು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಅಪಾಯದ ಗಂಟೆ, ಎಲ್ಲಕ್ಕೂ ನಾನೇ ಒಡೆಯ!

ಹೆಂಡತಿ ನೀಲವ್ವನಿಗೆ ದಮ್ಮು. ಕಾಲೇಜಿನ ಹಿಂದಿನ ಕ್ವಾರ್ಟರ್ಸಿನಲ್ಲಿ ನಮ್ಮದು ಒಂದೇ ಕೋಣೆ. ವರ್ಷದ ಖಾರಪುಡಿಗೆ ಮೆಣಸಿನಕಾಯಿ ಹುರಿದಳೆಂದರೆ ವಾರವಿಡೀ ಉಸಿರಿಗೆ ಒದ್ದಾಡುತ್ತಿದ್ದಳು. "ಇನ್ನ ಹೊಗಿ ಕುಡದ್ರ ಜೀವಕ್ಕ ಕಷ್ಟ ಐತಿ" ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಆಗ ನನಗೊಂದು ವೈಜ್ಞಾನಿಕ ಆಲೋಚನೆ ಹೊಳೆಯಿತು. ಪ್ರಯೋಗಾಲಯದಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟಿತ್ತು. ಅದರೊಳಗೆ ಆಸಿಡ್ ಕಾಯಿಸಿದರೆ ಮೇಲಿನ ಫ್ಯಾನು ಹೊಗೆಯನ್ನೆಲ್ಲ ಕೊಳವೆಯಿಂದ ಹೊರಗೆ ತಳ್ಳುತ್ತಿತ್ತು. ಆಸಿಡ್ಡಿನ ಹೊಗೆಯನ್ನೇ ನುಂಗುವ ಕಪಾಟಿಗೆ ಮೆಣಸಿನಕಾಯಿ ಯಾವ ಲೆಕ್ಕ? ಅದೂ ಬ್ಯಾಡಗಿಯದು, ಬಣ್ಣಕ್ಕೆ ಹೆಸರೇ ಹೊರತು ಖಾರಕ್ಕಲ್ಲ.

"ಸಾಹೇಬ್ರು ನೋಡಿದ್ರ?" ಎಂದಳು ನೀಲವ್ವ, ಮೆಣಸಿನಕಾಯಿ ಚೀಲ ಕೊಡಲು ಹಿಂಜರಿಯುತ್ತ.

"ಅಲ್ಲಿ ಸಾಹೇಬ ನಾನ ಅದೇನಿ, ಕೊಡ!"

ಊಟದ ಬಿಡುವಿನಲ್ಲಿ ಬರ್ನರ್ ಹಚ್ಚಿ ಬಾಣಲೆ ಇಟ್ಟೆ. ಫ್ಯಾನು ಗುಂಯ್ ಎಂದಿತು. ಮೆಣಸಿನಕಾಯಿ ಚಟಪಟ ಎಂದಿತು. ಹೊಗೆ ಮೇಲೇರಿತು, ಕ್ಷಣಕಾಲ ಯೋಚಿಸಿತು, ತಿರುಗಿ ನನ್ನ ಕಡೆಗೇ ಬಂತು!

ಆಗ ನೆನಪಾಯಿತು. ಗುಬ್ಬಿ ಗೂಡು ಕಟ್ಟಬಾರದೆಂದು ರಜೆಯಲ್ಲಿ ಕೊಳವೆಯ ಹೊರಬಾಯಿಗೆ ಗೋಣಿಚೀಲ ತುರುಕಿದವನು ನಾನೇ. ಸುರಕ್ಷತೆಗಾಗಿ!

ಬರ್ನರ್ ಆರಿಸುವುದು ಬಿಟ್ಟು ಬಾಣಲೆಗೆ ನೀರು ಸುರಿದೆ. ಘಾಟು ಎರಡು ಪಟ್ಟಾಯಿತು. ಮರಳು ಸುರಿದೆ. ಖಾರಪುಡಿಯ ಕಥೆ ಅಲ್ಲಿಗೆ ಮುಗಿಯಿತು. ಕೊನೆಗೆ ಹೊರಗೋಡಿ ಅಪಾಯದ ಗಂಟೆ ಬಾರಿಸಿದೆ. ಹುಡುಗರು ಕೆಮ್ಮುತ್ತಲೇ ಖುಷಿಯಿಂದ ಬಯಲಿಗೆ ಬಂದರು. ಪ್ರಿನ್ಸಿಪಾಲರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದರು.

"ಯಾವ ಗ್ಯಾಸೋ ಅದು?"

"ಗ್ಯಾಸ್ ಅಲ್ರಿ ಸಾಹೇಬ್ರ... ಆಕ್ಷೀ!... ಬ್ಯಾಡಗಿ ಮೆಣಸಿನಕಾಯ್ರಿ."

"ಬ್ಯಾಡಗಿ ಕಾಯಿ ಇಷ್ಟು ಘಾಟು ಇರತದೇನೋ? ಸುಳ್ಳು ಹೇಳಬ್ಯಾಡ!"

ಎಲ್ಲರೂ ಹೊರಗೆ ಓಡುತ್ತಿದ್ದಾಗ ಒಬ್ಬಳು ಮಾತ್ರ ಸೆರಗು ಬಾಯಿಗಿಟ್ಟುಕೊಂಡು ಒಳಗೆ ನುಗ್ಗಿದಳು. "ನಮ್ಮವರು ಒಳಗದಾರ್ರೀ!"

ನೀಲವ್ವ! ಅವಳ 'ನಮ್ಮವರು' ಪ್ರಿನ್ಸಿಪಾಲರ ಬೆನ್ನ ಹಿಂದೆ ಕ್ಷೇಮವಾಗಿ ನಿಂತಿದ್ದರು.

ಓಡಿಹೋಗಿ ಎಳೆದು ತಂದೆ. ಬೇವಿನ ಮರದಡಿ ಕೂರಿಸಿದೆ. ಅವಳ ತುಟಿ ಕಪ್ಪಿಟ್ಟಿತ್ತು, ಎದೆ ತಿದಿಯಂತೆ ಏರಿಳಿಯುತ್ತಿತ್ತು. ಪ್ರಿನ್ಸಿಪಾಲರು ಬೈಯುವುದನ್ನು ನಿಲ್ಲಿಸಿ, ಕೈಯಲ್ಲಿದ್ದ ಫೈಲನ್ನು ನನಗೆ ಕೊಟ್ಟು, "ಗಾಳಿ ಹಾಕೋ" ಎಂದರು. ಹಾಕಿದೆ. ಎಷ್ಟೋ ಹೊತ್ತಿನ ಮೇಲೆ ಅವಳಿಗೆ ಉಸಿರು ಬಂತು. ಉಸಿರಿನ ಹಿಂದೆಯೇ ಮಾತೂ ಬಂತು.

"ನಿಮಗೇನೂ ಆಗಿಲ್ಲಲ್ರೀ?"

ನಾನು ಅತ್ತುಬಿಟ್ಟೆ. ಘಾಟಿನ ಕೃಪೆ, ಅಲ್ಲಿ ಎಲ್ಲರೂ ಅಳುತ್ತಿದ್ದರು!

"ಬ್ಯಾಡಗಿ ಕಾಯಿಗೆ ಇಷ್ಟ್ಯಾಕ ಘಾಟು ಬಂತ?" ಎಂದೆ, ಮೂಗು ಒರೆಸಿಕೊಳ್ಳುತ್ತ.

"ಅರ್ಧ ಗುಂಟೂರು ಕಾಯಿ ಕಲಸಿದ್ದೆರಿ. ದಿನಾ ಉಣ್ಣಾಕ ಕುಂತಾಗ 'ಖಾರನ ಇಲ್ಲ' ಅಂತ ಮಾರಿ ಗಂಟ ಹಾಕ್ತೀರಲ್ಲ, ಅದಕ್ಕ."

ಮರುದಿನವೇ ಕಾಲೇಜಿನ ಸುರಕ್ಷತೆಯನ್ನು ಗ್ರಂಥಾಲಯದವರಿಗೆ ವಹಿಸಲಾಯಿತು. ಮನೆಯ ಮೆಣಸಿನಕಾಯಿಯನ್ನು ನನಗೆ ವಹಿಸಲಾಯಿತು. ಅಂದಿನಿಂದ ವರ್ಷಕ್ಕೊಮ್ಮೆ ಅವಳನ್ನು ಕುಪ್ಪೇಲೂರಿನ ಅವಳ ತಂಗಿಯ ಮನೆಗೆ ಬಸ್ಸು ಹತ್ತಿಸಿ, ಬಯಲಲ್ಲಿ ಒಲೆ ಹೂಡಿ, ನಾನೇ ಹುರಿಯುತ್ತೇನೆ. ಬರೀ ಬ್ಯಾಡಗಿ.

ಇಂದಿಗೂ ಬಡಿಸುವಾಗ ಅವಳು ಕೇಳುತ್ತಾಳೆ: "ಖಾರ ಸಾಕೇನ್ರಿ?"

ಸಪ್ಪೆ ಸಾರು ಸೊರ್ರನೆ ಹೀರಿ, ನೀರೇ ಬಾರದ ಕಣ್ಣನ್ನು ಪಂಚೆಯಿಂದ ಒರೆಸಿಕೊಂಡು ಹೇಳುತ್ತೇನೆ: "ಭಾಳ ಆತು!"