ಮೆಷಿನ್ ಒಪ್ಪಿದ ಮುಖ

ಮೋಹನ್‌ಕುಮಾರನ ಮುಖವನ್ನು ಹೆಂಡತಿ ಒಪ್ಪಿದ್ದಳು, ನೆಂಟರಿಷ್ಟರು ಒಪ್ಪಿದ್ದರು. ಒಪ್ಪದೇ ಹಟ ಹಿಡಿದಿದ್ದದ್ದು ಹಾಜರಿ ಮೆಷಿನ್ ಒಂದೇ.

ಅವನು ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತ. ಮಂಡಿಯ ಯಜಮಾನಿ ಗಂಗಾಂಬಿಕೆ ಇರುವುದು ಹಾಸನದಲ್ಲಿ. ಯಾರು ಬಂದರು, ಯಾರು ಬರಲಿಲ್ಲ ಎಂದು ಮನೆಯಲ್ಲೇ ಕೂತು ಫೋನಿನಲ್ಲಿ ನೋಡಲು ಅನುಕೂಲವಾಗಲೆಂದು ಮಂಡಿಯ ಬಾಗಿಲಿಗೆ ಮುಖ ಗುರುತಿಸುವ ಮೆಷಿನ್ ಹಾಕಿಸಿದ್ದರು. ಬೇರೆ ಯಾರು ನಿಂತರೂ ಅದು ಹೆಸರು ಹಿಡಿದು ಕರೆದು ಸ್ವಾಗತಿಸುತ್ತಿತ್ತು. ಮೋಹನ್‌ಕುಮಾರ ನಿಂತರೆ ಮಾತ್ರ, "ಮುಖ ಕಾಣುತ್ತಿಲ್ಲ" ಎನ್ನುತ್ತಿತ್ತು. ಆಗತಾನೆ ಬಾಣಲೆಯಿಂದ ಎತ್ತಿದ ಬೋಂಡದಂತೆ ಹೊಳೆಯುವ ಅವನ ಮುಖದಲ್ಲಿ ಅದಕ್ಕೆ ಟ್ಯೂಬ್‌ಲೈಟು ಕಾಣುತ್ತಿತ್ತೇ ಹೊರತು ಕಣ್ಣು ಮೂಗು ಕಾಣುತ್ತಿರಲಿಲ್ಲ.

ತಿಂಗಳ ಕೊನೆಗೆ ಮ್ಯಾನೇಜರ್ ತಿರುನಾರಾಯಣ ನಿವೃತ್ತರಾಗುವವರಿದ್ದರು. ಆ ಕುರ್ಚಿ ಮೋಹನ್‌ಕುಮಾರನಿಗೇ ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಮೆಷಿನ್ ಪ್ರಕಾರ ಅವನು ಈಚೆಗೆ ಮಂಡಿಯ ಕಡೆ ತಲೆಯೇ ಹಾಕಿರಲಿಲ್ಲ. "ಇನ್ನೊಂದು ಸಲ ಗೈರುಹಾಜರಿ ಕಂಡರೆ ಮ್ಯಾನೇಜರ್ ಕೆಲಸ ಅರಕಲಗೂಡು ಗೋದಾಮಿನ ನಟರಾಜುಗೆ" ಎಂದು ಯಜಮಾನಿ ಹೇಳಿ ಕಳಿಸಿದ್ದರು.

"ಜಿಡ್ಡಿಗೆ ನಯಾಸಿನಮೈಡ್ ಸೀರಮ್ ಒಳ್ಳೇದು ಅಣ್ಣ. ನಾನೂ ಅದನ್ನೇ ಹಚ್ಚೋದು. ಮೊಡವೆ ಕಲೆನೂ ತಿಳಿಯಾಗುತ್ತೆ. ಆದ್ರೆ ಒಂದಷ್ಟು ದಿನ ಕಾಯ್ಬೇಕು" ಎಂದಿದ್ದಳು ಪಕ್ಕದ ಮೇಜಿನ ನಾಗಲಕ್ಷ್ಮಿ. ಮೋಹನ್‌ಕುಮಾರನ ಕಿವಿಗೆ ಕಡೆಯ ಮಾತು ಬೀಳಲಿಲ್ಲ.

ಮಾರನೆಯ ಬೆಳಗ್ಗೆ ಮಂಡಿಗೆ ಹೋಗುವ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಮೆಡಿಕಲ್ ಶಾಪಿಗೆ ನುಗ್ಗಿದ.

"ನಯಾ ಸಿನಿಮಾ ಸೀರಮ್ ಕೊಡಮ್ಮ."

ಅಂಗಡಿಯ ಶೋಭಿತಾ ನಗು ನುಂಗಿಕೊಂಡು ಎರಡು ಬಾಟಲಿ ತಂದಿಟ್ಟಳು. "ಇದು ಐದು ಪರ್ಸೆಂಟ್, ಇದು ಹತ್ತು. ಹೊಸದಾಗಿ ಹಚ್ಚೋರಿಗೆ ಐದೇ ಸಾಕು ಸಾ."

"ಹತ್ತೇ ಕೊಡು. ನಂಗೆ ಅರ್ಜೆಂಟು."

"ಅರ್ಜೆಂಟಿಗೆ ಆಗೋದಲ್ಲ ಸಾ ಇದು. ಮೊದ್ಲು ಕಿವಿ ಹಿಂದೆ ಚೂರು ಹಚ್ಚಿ ನೋಡಿ. ಆಮೇಲೆ ಮುಖ ತೊಳ್ಕಂಡು ಎರಡು ಮೂರು ತೊಟ್ಟು, ಅಷ್ಟೆ. ಬಿಸ್ಲಿಗೆ ಹೋಗೋ ಮುಂಚೆ ಸನ್‌ಸ್ಕ್ರೀನ್..."

ಅಷ್ಟರಲ್ಲಿ ಮೋಹನ್‌ಕುಮಾರ ಸ್ಕೂಟರಿನ ಕನ್ನಡಿಯೆದುರು ಬಗ್ಗಿಯಾಗಿತ್ತು. ಬಾಟಲಿಯನ್ನು ಅಂಗೈಗೆ ಬಗ್ಗಿಸಿ, ಮದುಮಗನಿಗೆ ಎಣ್ಣೆ ಹಚ್ಚುವಂತೆ ಹಣೆಯಿಂದ ಗದ್ದದವರೆಗೂ ಧಾರಾಳವಾಗಿ ಬಳಿದುಕೊಂಡ. ಮುಖ ಅಂಟಂಟಾಯಿತು. ಗಾಳಿಗೆ ಆರುತ್ತದೆ ಎಂದು ಸ್ಕೂಟರನ್ನು ಜೋರಾಗಿ ಓಡಿಸಿದ.

ಗಾಳಿಯೇನೋ ಬಂತು. ಜೊತೆಗೆ, ಮುಂದೆ ಹೋಗುತ್ತಿದ್ದ ಲಾರಿಯಿಂದ ತೆಂಗಿನ ನಾರಿನ ಪುಡಿಯೂ ಬಂತು. ಮಂಡಿ ಮುಟ್ಟುವಷ್ಟರಲ್ಲಿ ಅವನು ಅರ್ಧ ಸುಲಿದ ತೆಂಗಿನಕಾಯಿಯಾಗಿದ್ದ.

"ಮುಖ ಕಾಣುತ್ತಿಲ್ಲ" ಎಂದಿತು ಮೆಷಿನ್. ಈ ಸಲ ಅದರದ್ದೇನೂ ತಪ್ಪಿರಲಿಲ್ಲ.

ತೂಕ ಮಾಡುವ ಮಂಚಯ್ಯ ಕೈಯಲ್ಲಿದ್ದ ಚೀಲ ಬಿಟ್ಟು ಓಡಿಬಂದ. "ಇದೇನ್ ಮೋನಣ್ಣ, ಇಂಗ್ ಬಂದ್ಬುಟ್ಟೆ! ಮಾಲು ಯಾವ್ದು, ಮನ್ಸ ಯಾವ್ದು ಅಂತ್ಲೇ ಗೊತ್ತಾಗ್ತಿಲ್ವಲ್ಲ!"

"ಉರೀತದೆ ಕಣೋ ಮಂಚಯ್ಯ!"

"ಬರೀ ತಣ್ಣೀರಲ್ಲಿ ತೊಳ್ಕೊಳಿ ಅಣ್ಣ, ಬೇರೆ ಏನೂ ಹಚ್ಬೇಡಿ" ಎಂದು ನಾಗಲಕ್ಷ್ಮಿ ಕೂಗಿದಳು.

"ನೀರಿಂದ ಏನಾದದವ್ವ? ಉರಿಗೆ ಮೊಸ್ರೇ ಮದ್ದು" ಎಂದ ಮಂಚಯ್ಯ, ಮುಖ ತೊಳೆದು ಬಂದವನನ್ನು ಹಿಡಿದು ಕೂರಿಸಿ, ಊಟದ ಡಬ್ಬಿಯಲ್ಲಿದ್ದ ಮೊಸರನ್ನೆಲ್ಲ ಮೆತ್ತಿದ. ಮೆಷಿನ್ ಮತ್ತೆ ಒಲ್ಲೆ ಎಂದಿತು. ಹಾಜರಿಯ ಹೊತ್ತು ಇನ್ನೇನು ಮುಗಿಯುವುದರಲ್ಲಿತ್ತು. "ಒಣುಗ್ಬೇಕು, ಅದ್ಕೇ ತಗತಿಲ್ಲ" ಎಂದವನೇ ಮಂಚಯ್ಯ ನಾಗಲಕ್ಷ್ಮಿಯ ಮೇಜಿನ ಮೇಲಿದ್ದ ಪೌಡರ್ ಡಬ್ಬಿಯನ್ನು ಕಸಿದು, ಹೊಲಕ್ಕೆ ಗೊಬ್ಬರ ಎರಚಿದ ಹಾಗೆ ಎರಚಿಬಿಟ್ಟ.

ಮೋಹನ್‌ಕುಮಾರ ಕನ್ನಡಕ ಏರಿಸಿಕೊಂಡು, ದೇವರನ್ನು ನೆನೆದು, ಮೆಷಿನ್ನಿನ ಮುಂದೆ ನಿಂತ.

ಹಸಿರು ದೀಪ ಹತ್ತಿತು. "ಸ್ವಾಗತ, ತಿರುನಾರಾಯಣ!"

ಮೆಷಿನ್ ಅವನನ್ನು ಮ್ಯಾನೇಜರ್ ಎಂದುಕೊಂಡಿತ್ತು. ಇಬ್ಬರದೂ ಒಂದೇ ಅಚ್ಚಿನ ದುಂಡು ಮುಖ, ಇಬ್ಬರಿಗೂ ಚೌಕದ ಕನ್ನಡಕ. ಮ್ಯಾನೇಜರರ ಮುಖದಲ್ಲಿ ಜಿಡ್ಡು, ಕಲೆ ಇಲ್ಲ ಎಂಬುದೊಂದೇ ವ್ಯತ್ಯಾಸ. ಈಗ ಅದೂ ಉಳಿದಿರಲಿಲ್ಲ.

"ಕುರ್ಚಿಗ್ ಮುಂಚೆ ಎಸ್ರೇ ಬಂದ್ಬುಡ್ತಲ್ಲಣ್ಣೋ!" ಎಂದು ಮಂಚಯ್ಯ ಶಿಳ್ಳೆ ಹಾಕಿದ. ಹಮಾಲಿಗಳೆಲ್ಲ ಚಪ್ಪಾಳೆ ತಟ್ಟಿದರು. ಮೋಹನ್‌ಕುಮಾರನ ಎದೆ ಕೊಬ್ಬರಿ ಮೂಟೆಯಷ್ಟು ಉಬ್ಬಿತು. ಇಷ್ಟು ದಿನ ತನ್ನನ್ನು ಕಣ್ಣೆತ್ತಿಯೂ ನೋಡದ ಮೆಷಿನ್ ಇವತ್ತು ತನ್ನನ್ನು ಮ್ಯಾನೇಜರ್ ಎಂದೇ ಸಾರಿದೆ!

ಅಷ್ಟರಲ್ಲಿ ನಿಜವಾದ ತಿರುನಾರಾಯಣ ಬಂದರು. ಹೊಳೆನರಸೀಪುರದ ಬಸ್ಸು ತಡವಾಗಿತ್ತು. ನಡೆದದ್ದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟೇ ಅಲ್ಲ, ಒಳ್ಳೆಯ ಮನುಷ್ಯ, ಯಜಮಾನಿಗೆ ಆಗಲೇ ಫೋನ್ ಹಚ್ಚಿದರು.

"ಅಮ್ಮ, ಮೋಹನ ಬಂದಿದಾನೆ. ಮೆಷಿನ್ನೇ ತಪ್ಪು ಮಾಡಿರೋದು. ಇವತ್ತೊಂದೇ ಅಲ್ಲ, ತಿಂಗಳೆಲ್ಲ ಬಂದಿದಾನೆ, ನಾನೇ ಸಾಕ್ಷಿ."

"ನೀವು ಹೇಳಿದ ಮೇಲೆ ಮುಗೀತು. ಅವನದೆಲ್ಲ ಹಾಜರಿ ಅಂತಲೇ ಹಾಕಿ" ಎಂದರು ಗಂಗಾಂಬಿಕೆ.

ಮಂಡಿಯಲ್ಲಿ ಮತ್ತೊಮ್ಮೆ ಶಿಳ್ಳೆ. ನಟರಾಜುವಿನ ಕಾಟ ತಪ್ಪಿತು. ಮೋಹನ್‌ಕುಮಾರನ ಕಣ್ಣು ಮ್ಯಾನೇಜರರ ಕುರ್ಚಿಯ ಕಡೆ ತಾನಾಗಿ ಹೊರಳಿತು.

"ಹಾಗಾದ್ರೆ ಮೆಷಿನ್ ಮೋಸ ಹೋಗೋ ಅಂಥಾ ಮುಖ ಯಾವುದು, ನಾನೂ ನೋಡ್ತೀನಿ. ವಿಡಿಯೋ ಹಾಕಿ" ಎಂದರು ಯಜಮಾನಿ.

ತಿರುನಾರಾಯಣ ಫೋನನ್ನು ಮೋಹನ್‌ಕುಮಾರನ ಮುಖಕ್ಕೆ ಹಿಡಿದರು. ಅವನು ಮೀಸೆ ತಿದ್ದಿಕೊಂಡು, ಕುರ್ಚಿಗೆ ತಕ್ಕ ಗಾಂಭೀರ್ಯ ತಂದುಕೊಂಡು ನಿಂತ. ಮೊಸರು ಒಣಗಿ ತುಟಿ ಬಿಗಿದಿದ್ದರಿಂದ ಮಾತು ಮಾತ್ರ ಹೊರಡಲಿಲ್ಲ.

"ಮೊದಲು ನಿಮ್ಮ ಮುಖಾನೇ ತೋರಿಸ್ತಿದೀರಾ ತಿರುನಾರಾಯಣರೇ?" ಗಂಗಾಂಬಿಕೆ ಕಣ್ಣರಳಿಸಿದರು. "ಅಬ್ಬ, ಎಷ್ಟು ಲಕ್ಷಣವಾಗಿದೀರಿ! ಒಳ್ಳೇ ಮೂವತ್ತು ಮೂವತ್ತೈದರ ಹುಡುಗನ ಹಾಗೆ! ಇಷ್ಟು ಗಟ್ಟಿಮುಟ್ಟಾಗಿರೋರನ್ನ ಮನೇಗೆ ಕಳಿಸಿ ನಾನೇನು ಮಾಡ್ಲಿ? ಇನ್ನೂ ಎರಡು ವರ್ಷ ನೀವೇ ಮ್ಯಾನೇಜರು. ಇಲ್ಲ ಅನ್ನಬೇಡಿ."

ಮೋಹನ್‌ಕುಮಾರ ಬಾಯಿ ತೆರೆಯಲು ಹೆಣಗಿದ. ಮುಖದ ಪೌಡರ್ ಬಿರುಕು ಬಿಟ್ಟಿತು. ಅಷ್ಟರಲ್ಲಿ ಫೋನಿನ ಹಿಂದಿನಿಂದ ತಿರುನಾರಾಯಣರ ವಿನಯದ ದನಿ ಕೇಳಿತು. "ನಿಮ್ಮ ಮಾತು ಮೀರ್ತೀನಾ ಅಮ್ಮ? ಆಗಲಿ." ಮರುಕ್ಷಣ ಕರೆ ಕಡಿಯಿತು.

ತಿರುನಾರಾಯಣ ಹೋಗಿ ತಮ್ಮ ಕುರ್ಚಿಯಲ್ಲಿ ಹಾಯಾಗಿ ಒರಗಿಕೊಂಡರು.

"ಇವತ್ತು ಎದ್ದು ಯಾರ ಮುಖ ನೋಡಿದ್ನೋ ಮೋಹನ! ಎಂಥಾ ಅದೃಷ್ಟ ಕಣಯ್ಯ!"

"ನೀವು ಯಾರ ಮುಖ ನೋಡಿದ್ರೋ ಗೊತ್ತಿಲ್ಲ ಸಾ" ಎಂದ ಮೋಹನ್‌ಕುಮಾರ, ಕೆನ್ನೆಯಿಂದ ಮೊಸರಿನ ಹಕ್ಕಳೆ ಕೀಳುತ್ತ. "ಅಮ್ಮಾವ್ರು ನೋಡಿದ್ದಂತೂ ನಂದೇ."