ರದ್ದು ಗುಂಡಿ ಇಲ್ಲದ ಬಿನ್ನಹ

ಉಮರ್ಗಾ ತಾಲ್ಲೂಕಿನ, ಅಲ್ಲಲ್ಲ, ಇಡೀ ಮರಾಠವಾಡದ ಸಮಸ್ತ ಭಕ್ತಕುಲವನ್ನು ನಾನೊಬ್ಬನೇ ಉದ್ಧಾರ ಮಾಡಿಬಿಡುತ್ತೇನೆಂದು ಈ ಶ್ರಾವಣದಲ್ಲಿ ಪಣ ತೊಟ್ಟೆ! ಉದ್ಧಾರದ ಸಾಧನ, ಒಂದು ವೆಬ್‌ಸೈಟು.

ನಮ್ಮದು ಜಂಗಮರ ಮನೆತನ. ಭಕ್ತರ ಮನೆಯಲ್ಲಿ ಕೂಸಿಗೆ ಹೆಸರಿಡುವ ತೊಟ್ಟಿಲಾಗಲಿ, ಲಗ್ನವಾಗಲಿ, ಹೊಸ ಮನೆಯಾಗಲಿ, ಅಯ್ಯನವರನ್ನು ಕರೆಯಬೇಕು. ಹಾಗೆ ಕರೆಯುವುದಕ್ಕೆ ಬಿನ್ನಹ ಎನ್ನುತ್ತೇವೆ. ಅದಕ್ಕೆ ಭಕ್ತ ಖುದ್ದಾಗಿ ಬರಬೇಕು, ಕಾಲಿಗೆ ಬೀಳಬೇಕು, ಚಹಾ ಕುಡಿಯಬೇಕು, ಸೋಯಾಬೀನಿನ ದರದಿಂದ ಹಿಡಿದು ಸೊಸೆಯ ತವರಿನವರೆಗೆ ಎಲ್ಲ ಮಾತಾಡಿ, ಏಳುವ ಹೊತ್ತಿಗೆ "ಅಂದಂಗ ಅಪ್ಪಾರ..." ಎಂದು ವಿಷಯಕ್ಕೆ ಬರಬೇಕು. ಇದೆಲ್ಲ ಯಾಕೆ? ಹೆಸರು ಹೇಳು, ಊರು ಆರಿಸು, ಕಾರ್ಯ ಆರಿಸು, ದಿನ ಆರಿಸು, ಹಸಿರು ಗುಂಡಿ ಒತ್ತು. ಹತ್ತಿರದ ಅಯ್ಯನವರ ಮೊಬೈಲಿಗೆ ಬಿನ್ನಹ ಹೋಯಿತು. ಮುಗಿಯಿತು!

ನನ್ನ ಹೆಂಡತಿ ಶೀತಲ್‌ಳಿಗೆ ಮಾತ್ರ ಬೇರೆಯದೇ ಬಿನ್ನಹದ ಚಿಂತೆ. ಅವಳ ಅಪ್ಪ ಚಂದ್ರಯ್ಯನವರು ನಿಲಂಗಾದ ಹಿರಿಯ ಅಯ್ಯನವರು. ನಾವು ಹೊಸ ಮನೆಗೆ ಬಂದ ಮೇಲೆ ಅವರು ಒಮ್ಮೆಯೂ ಬಂದು ಉಂಡಿರಲಿಲ್ಲ.

"ಈ ಸೋಮವಾರ ಅಪ್ಪ ನಮ್ಮನಿಗಿ ಊಟಕ್ಕ ಬರಬೇಕ್ರೀ. ನೀವೊಮ್ಮಿ ನಿಲಂಗಾಕ್ಕ ಹೋಗಿ ಕರದು ಬರ್ರಿ. ಅಳಿಯ ಕರದರ ಅವ್ರಿಗಿ ಸಮಾಧಾನ."

"ನಾ ಟೆಸ್ಟಿಂಗ್‌ದಾಗ ಇದ್ದೀನಿ! ನೀನೇ ಫೋನ್ ಹಚ್ಚು."

"ಹಚ್ಚೀನಿ. 'ನೋಡಣು' ಅಂದಾರ."

"ನೋಡಣು ಅಂದ್ರ ಬರ್ತಾರ!"

"ನಮ್ಮಪ್ಪ ನೋಡಣು ಅಂದ್ರ ಏನಂತ ನನಗ ಗೊತ್ತದ," ಎಂದು ಅವಳು ಒಳಗೆ ಹೋದಳು. ಪಾತ್ರೆಗಳು ಮಾತಾಡತೊಡಗಿದವು. ನಾನು ಪರೀಕ್ಷೆಗೆ ಕೂತೆ.

ವೆಬ್‌ಸೈಟನ್ನು ಮಾಡಿದವನೇ ಪರೀಕ್ಷಿಸಬಾರದು. ಏನೂ ಅರಿಯದವರ ಕೈಗೆ ಕೊಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿ ಕೂತು, ಅವರು ಎಲ್ಲಿ ತೊಡಕುತ್ತಾರೆಂದು ನೋಡಬೇಕಂತೆ. ಹುಟ್ಟಿದಾಗಿನಿಂದ ಮಂತ್ರ ಹೇಳಿಕೊಂಡೇ ಬೆಳೆದ ಮನೆಯವನಿಗೆ ಬಾಯಿ ಮುಚ್ಚುವುದೆಂದರೆ ಎಂಥ ಶಿಕ್ಷೆ!

ಮೊದಲು ನಮ್ಮವ್ವ ನೀಲಾಬಾಯಿ. ಮೊಬೈಲಿನಲ್ಲಿ 'ಬಿನ್ನಹ' ಎಂಬ ಅಕ್ಷರ ಕಂಡದ್ದೇ ತಡ, ಅದನ್ನು ಕಣ್ಣಿಗೊತ್ತಿಕೊಂಡು ಕೆಳಗಿಟ್ಟಳು. ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬಂದು, ಹಸಿ ಬೆರಳಿಂದಲೇ ಒತ್ತಿದಳು. ಮೊಬೈಲು ಮಿಸುಕಲಿಲ್ಲ.

"ಯಪ್ಪಾ ಅಮರ್ಯಾ, ಇದು ಒಲ್ಲೆ ಅಂತದ!"

ನಾನು ಬಾಯಿ ಮುಚ್ಚಿಕೊಂಡಿದ್ದೆ. ಬೆರಳು ಒಣಗುವ ಹೊತ್ತಿಗೆ ಹೇಗೋ ದಿನ ಆರಿಸುವ ಪುಟ ಬಂತು. ಅವ್ವ ಕನ್ನಡಕ ತೆಗೆದಳು.

"ಪಂಚಾಂಗ ನೋಡದ ತಾರೀಖು ಯಾಂವಾ ಹೇಳತಾನ? ಅಯ್ಯನವರಿಗಿ ಕೇಳಿ ತಾರೀಖು ಇಡತಾರೋ, ತಾರೀಖು ಇಟ್ಟು ಅಯ್ಯನವರಿಗಿ ಕರೀತಾರೋ? ನಿನಗ ಇಷ್ಟೂ ಗೊತ್ತಿಲ್ಲೇನು?"

ಹಳೇ ಕಾಲದವರು ಎಂದು ಬಿಟ್ಟುಬಿಟ್ಟೆ. ಆಮೇಲೆ ಶೀತಲ್. ಒಗ್ಗರಣೆ ಹಾಕಿದಷ್ಟು ಸಲೀಸಾಗಿ ಎಲ್ಲ ಮುಗಿಸಿ ಹಸಿರು ಗುಂಡಿಯ ಹತ್ತಿರ ಬೆರಳು ನಿಲ್ಲಿಸಿದಳು.

"ತಪ್ಪಿ ಒತ್ತಿದರ ರದ್ದು ಮಾಡೋ ಗುಂಡಿ ಎಲ್ಲದ?"

"ಹುಚ್ಚೀ! ಅಯ್ಯನವರಿಗಿ ಮಾಡಿದ ಬಿನ್ನಹ ಯಾರರೆ ರದ್ದು ಮಾಡತಾರೇನು? ಪಾಪ ಹತ್ತತದ!" ಎಂದು ಗಹಗಹಿಸಿದೆ. 

ಅವಳು ಗುಂಡಿ ಒತ್ತದೆ ಎದ್ದುಹೋದಳು. ಅಷ್ಟರಲ್ಲಿ ಸಂತೆಗೆ ಕುರಿ ತಂದಿದ್ದ ಸಾಸ್ತೂರದ ಮಲ್ಲಣ್ಣ ನಮಸ್ಕಾರ ಮಾಡಿಹೋಗಲು ಬಂದ. ಬೀರಪ್ಪನ ಭಕ್ತ, ಹೆಗಲ ಮೇಲೆ ಕಂಬಳಿ, ಮೊಬೈಲೆಂದರೆ ಫೋನು ಬಂದಾಗ ಎತ್ತುವುದಷ್ಟೇ ಗೊತ್ತು. ಇಂಥವನೇ ಬೇಕಿತ್ತು! ಅವನು ಕಾರ್ಯಗಳ ಚಿತ್ರಗಳನ್ನೆಲ್ಲ ನೋಡಿ, "ತೊಟ್ಟಲಾ ಛಂದ ಅದರೀ," ಎಂದು ಅದನ್ನೇ ಒತ್ತಿದ. ಹೆಸರು ಮಲ್ಲಣ್ಣ. ಊರು ಸಾಸ್ತೂರ. ದಿನ ಸೋಮವಾರ. ಹಸಿರು ಗುಂಡಿಯ ಮುಂದೆ ಅವನ ಬೆರಳೂ ನಿಂತಿತು.

"ಅಪ್ಪಾರ, ಖರೇನೇ ಒತ್ತಲ್ಯಾ?"

ನನ್ನ ಮೌನವ್ರತ ಅಲ್ಲಿಗೆ ಭಂಗವಾಯಿತು. "ಒತ್ತು, ಒತ್ತು! ಏನೂ ಆಗಂಗಿಲ್ಲ!"

ಒತ್ತಿದ. 'ನಿಮ್ಮ ಬಿನ್ನಹ ಅಯ್ಯನವರ ಪಾದಕ್ಕೆ ತಲುಪಿದೆ' ಎಂದು ಮೂಡಿತು. ನಾನು ಮಲ್ಲಣ್ಣನನ್ನು ಕಂಬಳಿ ಸಮೇತ ತಬ್ಬಿಕೊಂಡೆ. ಯಾವ ಅಯ್ಯನವರ ಪಾದ ಎಂದು ಯೋಚಿಸುವಷ್ಟು ವ್ಯವಧಾನ ಆ ಮಹಾವಿಜಯದಲ್ಲಿ ಯಾರಿಗಿರುತ್ತದೆ?

ಸೋಮವಾರ ಬಂತು. ಶೀತಲ್ ನಸುಕಿನಲ್ಲೇ ಎದ್ದು ಹೋಳಿಗೆ ಮಾಡಿದಳು, ಕಟ್ಟಿನ ಸಾರು ಮಾಡಿದಳು, ಹೊಸ ಮಣೆ ಹಾಕಿದಳು. ಮಧ್ಯಾಹ್ನವಾಯಿತು, ಅವಳಪ್ಪ ಬರಲಿಲ್ಲ. ಫೋನು ಬಂದ್. ಹೋಳಿಗೆ ತಣ್ಣಗಾದವು, ಶೀತಲ್ ಬಿಸಿಯಾದಳು. ಕೊನೆಗೆ ನಿಲಂಗಾದ ಮನೆಗೆ ಹಚ್ಚಿದರೆ ನಮ್ಮತ್ತೆ ಅಂಜನಾಬಾಯಿ ಎತ್ತಿದರು.

"ಅವ್ರು ಹೊತ್ತು ಮೂಡೋದರಾಗ ಹೋಗ್ಯಾರವ್ವಾ. ನಿಮ್ಮ ಮನಿಗಿ ಬರಬೇಕಂತನೇ ಇದ್ರು. ಆದರ ಬಿನ್ನಹ ಬಂದದಂತ, ಸಾಸ್ತೂರದಾಗ ಯಾರದೋ ತೊಟ್ಟಲಾ. ಪೂಜಿ ಆಗೋತನಾ ನೀರು ಸೈತ ಕುಡಿಯಂಗಿಲ್ಲ ನೋಡು."

ಆಗ ನೆನಪಾಯಿತು. ಅಯ್ಯನವರ ಪಟ್ಟಿಯನ್ನು ಖಾಲಿ ಬಿಡಬಾರದೆಂದು ಮಾದರಿಗೆ ಒಂದೇ ಒಂದು ನಂಬರು ಹಾಕಿದ್ದೆ, ಮಾವನವರದು! ಉಮರ್ಗಾಕ್ಕೂ ಅವರೇ ಹತ್ತಿರ, ಉದಗೀರಕ್ಕೂ ಅವರೇ ಹತ್ತಿರ, ಸಾಸ್ತೂರಕ್ಕಂತೂ ಕೇಳಲೇಬೇಡಿ! ಮೊಬೈಲು ತೆಗೆದು ವೆಬ್‌ಸೈಟಿನ ಮೇಲೆ ಹುಡುಕಿದೆ, ಕೆಳಗೆ ಹುಡುಕಿದೆ, ಮೂಲೆಮೂಲೆ ತಡಕಾಡಿದೆ. ರದ್ದು ಮಾಡುವ ಗುಂಡಿ ಎಲ್ಲಿಯೂ ಇರಲಿಲ್ಲ. ಇಂಥ ದರಿದ್ರ ವೆಬ್‌ಸೈಟನ್ನು ಯಾವ ಮೂರ್ಖ ಮಾಡಿದ!

ಶೀತಲ್ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕಣ್ಣೊರೆಸಿಕೊಳ್ಳುತ್ತ ಹೋಳಿಗೆಯನ್ನು ಡಬ್ಬಿಗೆ ತುಂಬಿದಳು.

"ಎಲ್ಲಾರ ಮನಿಯಿಂದ ಬಿನ್ನಹ ಹೋಗಲಿ ಅಂತ ಸೈಟ್ ಮಾಡಿದ್ರಿ. ನಮ್ಮ ಮನಿಯಿಂದ ನಮ್ಮಪ್ಪಗ ಒಂದು ಹೋಗಲಿಲ್ಲ."

ಗಾಡಿ ತೆಗೆದೆ. ಅವಳು ಡಬ್ಬಿ ಹಿಡಿದು ಹಿಂದೆ ಕೂತಳು, ಸಾಸ್ತೂರದ ದಾರಿ ಹಿಡಿದೆವು. ಮಾವನವರು ಉಪವಾಸದಲ್ಲಿ ಎಲ್ಲಿ ತಲೆ ತಿರುಗಿ ಬಿದ್ದಿದ್ದಾರೋ, ಮಲ್ಲಣ್ಣ ಏನಂದು ವಾಪಸು ಕಳಿಸಿದನೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಹೋದೆ. ಮಲ್ಲಣ್ಣನ ಮನೆಯಲ್ಲಿ ತೊಟ್ಟಿಲಿಗೆ ಹಾಕಲು ಕೂಸಾದರೂ ಎಲ್ಲಿತ್ತು? ಅವನ ಮಕ್ಕಳಿಗೆಲ್ಲ ಮೀಸೆ ಬಂದಿದೆ!

ಅಂಗಳಕ್ಕೆ ಕಾಲಿಟ್ಟರೆ ಜೋಗುಳ ಕೇಳಿಸಿತು. ಬೇವಿನ ಟೊಂಗೆಗೆ ಕಂಬಳಿ ಕಟ್ಟಿ ತೊಟ್ಟಿಲು ಮಾಡಿದ್ದರು. ಓಣಿಯ ಹೆಂಗಸರು ತೂಗುತ್ತಿದ್ದರು. ಒಳಗೆ ತಲೆಗೆ ಕುಂಚಿಗೆ, ಹಣೆಗೆ ಕಾಡಿಗೆ ಬೊಟ್ಟು ಇಟ್ಟುಕೊಂಡು ಒಂದು ಕರಿ ಕುರಿಮರಿ ಮಲಗಿತ್ತು! ಪಕ್ಕದಲ್ಲಿ ಮಾವನವರು ವಿಭೂತಿ ಧರಿಸಿ, ಪಾದಪೂಜೆ ಮಾಡಿಸಿಕೊಂಡು, ಹಾಲು ಬಾಳೆಹಣ್ಣು ಮುಗಿಸಿ ಗಂಭೀರವಾಗಿ ಕೂತಿದ್ದರು.

ನಾನು ಮಲ್ಲಣ್ಣನ ಕಡೆ ನೋಡಿದೆ.

"ನಾ ಹೇಳಿದೆರೀ ಅಪ್ಪಾರ, ಇದು ಸುಮ್ಮ ಒತ್ತಿದ್ದದ ಅಂತ. ಈ ಹಿರೇ ಅಪ್ಪಾರು ಕೇಳಲಿಲ್ಲ."

ಅವನ ಹೆಂಡತಿ ಮಾಳಮ್ಮ ಸೆರಗು ಸರಿಮಾಡಿಕೊಂಡಳು. "ಅಯ್ಯನವ್ರು ನೀರು ಕುಡೀದೆ ಬಾಗಲಿಗಿ ಬಂದಾರ. ಕೂಸಿಲ್ಲ ಹೋಗ್ರಿ ಅನ್ಲಾಕ ಬಾಯಿ ಹ್ಯಾಂಗ ಬರತದರೀ? ಹೋದ ವಾರ ಕುರಿ ಈದಿತ್ತು, ದೇವರೇ ಕೊಟ್ಟಂಗಾತು."

ನಾನು ಮಾವನವರ ಕಾಲಿಗೆ ಬಿದ್ದೆ. "ಮಾವಾರ, ತಪ್ಪಾತು. ಅದು ಫಕ್ತ ಟೆಸ್ಟ್ ಇತ್ತು."

"ಬಿನ್ನಹದಾಗ ಟೆಸ್ಟ್ ಇರತದೇನ್ರಿ ಅಳಿಯಾರ? ಮಗಳು ಫೋನ್ ಮಾಡಿದಳು. ಅಳಿಯ ಕರೀತಾನೇನಂತ ದಾರಿ ನೋಡಿದೆ. ಕರದಂವಾ ಮಲ್ಲಣ್ಣ. ಅದಕ್ಕ ಇಲ್ಲಿ ಬಂದೆ."

ಶೀತಲ್ ಡಬ್ಬಿ ಹಿಡಿದು ನೆಲ ನೋಡುತ್ತಿದ್ದಳು. ನಾಚಿಕೆಯಿಂದ ನನಗೆ ಮೊಬೈಲು ಜೇಬಿನಲ್ಲಿ ಕೆಂಡದಂತೆ ಸುಟ್ಟಿತು. ಕೈ ಮುಗಿದೆ. "ಮಾವಾರ, ಈಗ ಕರೀತೀನಿ. ನಮ್ಮನಿಗಿ ಬರ್ರಿ. ಇವತ್ತೇ ಬರ್ರಿ."

ಅವರು ಮಗಳ ಮುಖ ನೋಡಿದರು. "ಆತು, ನಡೀರಿ," ಎಂದು ಎದ್ದರು. ಶೀತಲ್ ಅಳುತ್ತಲೇ ನಕ್ಕಳು. ನನಗೆ ಹೋದ ಜೀವ ಬಂದಂತಾಯಿತು. ಮಾವನವರು ಚಪ್ಪಲಿ ಮೆಟ್ಟಿಕೊಂಡು, ಎಂದೂ ಇಲ್ಲದ ಅಕ್ಕರೆಯಿಂದ ಕರೆದರು.

"ಅಮರ್ಯಾ, ಬಾ ಇಲ್ಲಿ!"

ಇಷ್ಟು ಪ್ರೀತಿಯೇ! ಎರಡು ಹೆಜ್ಜೆ ಮುಂದೆ ಹೋದೆ. ಕುರಿಮರಿ ತೊಟ್ಟಿಲಿನಿಂದ ಹಾರಿ, ನನ್ನ ಮೊಣಕಾಲಿಗೆ ಗುದ್ದಿ, ಅವರ ಕಾಲ ಬಳಿಗೆ ಓಡಿತು.

"ನಿಮಗಲ್ರೀ ಅಳಿಯಾರ," ಎಂದರು ಮಾವನವರು, ಅದರ ತಲೆ ಸವರುತ್ತ. "ಹೆಸರು ಏನಿಡಬೇಕಂತ ಬಂದಾಗಿಂದ ನೋಡಲಾಕ ಹತ್ತಿದ್ದೆ. ತೊಟ್ಟಲದಾಗ ಹಾಕೋತನಾ ಮುಂದ ಏನದ ಅಂತ ನೋಡದೇ ಕಂಡದ್ದಕ್ಕೆಲ್ಲ ತಲಿ ಕೊಟ್ಟು ಗುದ್ದತಿತ್ತು. ಮತ್ಯಾವ ಹೆಸರೂ ನೆಪ್ಪಾಗಲಿಲ್ಲ ನೋಡ್ರಿ."