ಮೂಗು ಮಾತ್ರ ಹಿಡಿಸುವ ಲೆನ್ಸ್

"ಇನ್ನು ಈ ವಂಶದಲ್ಲಿ ಯಾರೂ ದುಡ್ಡು ಕೊಟ್ಟು ಫೋಟೋ ತೆಗೆಸಬೇಕಾಗಿಲ್ಲ!" ಎಂದು ನಾನು ಘೋಷಿಸಿದಾಗ ನನ್ನ ಗ್ರಹಚಾರ ಪಕ್ಕದಲ್ಲೇ ಕೂತು ನಕ್ಕಿರಬೇಕು.

ಅತ್ತೆಗೆ ಎಪ್ಪತ್ತು ತುಂಬುತ್ತಿತ್ತು. ಎಲ್ಲೆಲ್ಲೋ ಚದುರಿದ್ದ ಮಕ್ಕಳೆಲ್ಲ ಒಂದು ದಿನದ ಮಟ್ಟಿಗೆ ಸೇರುವವರಿದ್ದರು. ಅತ್ತೆಯ ಆಸೆ ಒಂದೇ, ಎಲ್ಲರೂ ಇರುವ ಒಂದು ಫೋಟೋ. ಹೆಂಡತಿ ಗೊತ್ತುಮಾಡಿದ್ದ ಫೋಟೋಗ್ರಾಫರನನ್ನು ಬೇಡವೆಂದು, ನಾನೇ ಹೋಗಿ ಯಾರೋ ಬಳಸಿ ಬಿಟ್ಟ ಡಿಜಿಟಲ್ ಕ್ಯಾಮೆರಾ ಕೊಂಡೆ. ಉಳಿದ ದುಡ್ಡಿಗೆ ಬರುವುದು ಒಂದೇ ಲೆನ್ಸ್.

"ಮನೆಯೊಳಗಿನ ಫೋಟೋಗೆ ಈ ಚಿಕ್ಕದೇ ಸರಿ ಸಾರ್," ಎಂದ ಅಂಗಡಿಯವ.

ಚಿಕ್ಕದೇ? ಅದೇ ಬೆಲೆಗೆ ಮೊಳದುದ್ದದ್ದು ಪಕ್ಕದಲ್ಲೇ ಇರುವಾಗ! "ದೊಡ್ಡದನ್ನೇ ಕೊಡಿ," ಎಂದೆ, ಫಿರಂಗಿ ಕೊಳ್ಳುವ ಸೇನಾಪತಿಯ ಗತ್ತಿನಲ್ಲಿ.

ಆ ದಿನ ಅತ್ತೆಯ ಮಹಡಿ ಮನೆಯ ಪುಟ್ಟ ಹಾಲ್‌ನಲ್ಲಿ ಎಲ್ಲರೂ ಸಾಲಾಗಿ ನಿಂತರು. ಕ್ಯಾಮೆರಾಕ್ಕೆ ಕಣ್ಣಿಟ್ಟರೆ ಅದರ ತುಂಬ ಹಿರಿಯ ಭಾವನ ಮೂಗು! ಬರೀ ಮೂಗು! ಗೋಡೆಗೆ ಬೆನ್ನು ತಾಗುವವರೆಗೆ ಹಿಂದೆ ಸರಿದೆ. ಮೀಸೆಯೂ ಬಂತು.

"ಆಯ್ತೇನ್ರೀ?"

"ಇನ್ನೊಂಚೂರು ಹಿಂದೆ ಹೋಗ್ಬೇಕು ಕಣೇ."

"ಹಿಂದೆ ಗೋಡೆ ಇದೆಯಲ್ರೀ!"

"ಎಲ್ಲರೂ ಕಿಟಕಿ ಕಡೆ ತಿರುಗಿ ನಿಂತ್ಕೊಳ್ಳಿ. ಎದುರು ಕಟ್ಟಡದ ತಾರಸಿಯಿಂದ ತೆಗೀತೀನಿ. ಯಾರೂ ಅಲ್ಲಾಡ್ಬೇಡಿ!"

ತಾರಸಿಯ ಕಟ್ಟೆಯ ಮೇಲೆ ಲೆನ್ಸ್ ಊರಿ ಗುರಿಯಿಟ್ಟೆ. ಅಬ್ಬಾ, ಎಲ್ಲರೂ ಹಿಡಿಸಿದರು! ಆದರೆ ಅತ್ತೆಯ ಕೆಳಗಿನ ಮನೆಯ ಕಿಟಕಿಯಲ್ಲಿ ಒಬ್ಬಾಕೆ ತಲೆ ಒಣಗಿಸಿಕೊಳ್ಳುತ್ತಿದ್ದುದನ್ನು ನಾನು ನೋಡಿರಲಿಲ್ಲ. ಆಕೆ ನನ್ನನ್ನು ನೋಡಿದಳು.

"ಅಯ್ಯಯ್ಯೋ! ಯಾರೋ ನನ್ನ ಫೋಟೋ ತೆಗೀತಿದಾನೆ! ಹಿಡೀರಿ!"

ಗುಂಡಿ ಒತ್ತುವ ಮೊದಲೇ ಆ ಕಟ್ಟಡದ ವಾಚ್‌ಮನ್ ನನ್ನ ಕಾಲರ್ ಹಿಡಿದು ಬೀದಿಗೆ ಇಳಿಸಿದ. ಗಲಾಟೆಗೆ ಅತ್ತೆಯ ಇಡೀ ಸಂಸಾರ ಕೆಳಗೋಡಿ ಬಂತು.

"ಈ ಮನುಷ್ಯ ನಿಮಗೆ ಗೊತ್ತೇನಮ್ಮಾ?" ಎಂದು ವಾಚ್‌ಮನ್ ನನ್ನ ಹೆಂಡತಿಯನ್ನು ಕೇಳಿದ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಪೊಲೀಸರಿಗೆ ಸಾಕ್ಷಿ ಇರಲಿ," ಎಂದು ಆ ಕೆಳಗಿನ ಮನೆಯಾಕೆ ಮೊಬೈಲಿನಲ್ಲಿ ನಮ್ಮೆಲ್ಲರನ್ನೂ ಕ್ಲಿಕ್ಕಿಸಿದಳು.

ನಾನು ಕ್ಷಮೆ ಕೇಳಿ ಬಿಡಿಸಿಕೊಳ್ಳುವಷ್ಟರಲ್ಲಿ ಭಾವಂದಿರು ಬಸ್ಸಿಗೆ ಹೊತ್ತಾಯಿತೆಂದು ಹೊರಟೇ ಹೋದರು. ಅತ್ತೆಯ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.

ಮುಂದಿನ ವಾರ ಹೋದರೆ, ಹಾಲ್‌ನ ಗೋಡೆಯಲ್ಲಿ ಭಾರೀ ಫೋಟೋ! ಸುತ್ತ ಮಕ್ಕಳು, ಸೊಸೆಯರು. ನಟ್ಟನಡುವೆ ವಾಚ್‌ಮನ್ ಕೈಗೆ ಕಾಲರ್ ಕೊಟ್ಟು ಕಣ್ಣುಕಣ್ಣು ಬಿಡುತ್ತಿರುವ ನಾನು!

"ಅತ್ತೆ, ಇದನ್ನ ಯಾಕೆ ಹಾಕಿದ್ರಿ?"

"ಕೆಳಗಿನ ಮನೆಯವಳ ಹತ್ರ ಕೇಳಿ ತರಿಸ್ಕೊಂಡೆ. ಒಬ್ಬರೂ ಬಿಟ್ಟುಹೋಗಿಲ್ಲ ನೋಡಿ!"

"ಬಂದವರು ಏನಂದ್ಕೋತಾರೆ?"

"ಕಾಲರ್ ಹಿಡಿದಿರೋರು ನಿಮ್ಮ ಅಳಿಯನಾ ಅಂತ ಕೇಳ್ತಾರೆ. ನಿಮ್ಮ ಮರ್ಯಾದೆ ಉಳೀಲಿ ಅಂತ, ನಾನು ಹೂಂ ಅಂದ್ಬಿಡ್ತೀನಿ!"